ಏರಿ, ಕೋಡಿ, ಅಳಿವೆ: ಕಡಲಕೊರೆತದ ಚರಿತ್ರೆಗೆ ಒಂದು ಜಾನಪದ ಪ್ರವೇಶ

ನೀರನ್ನು ತಡೆದು ನಿಲ್ಲಿಸುವ ವಿದ್ಯೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಬಯಲುಸೀಮೆಯ ಕೆರೆಗಳಿಗೆ ಸಂಬಂಧಿಸಿದವು. ಶಾಸನತಜ್ಞರು ಕೆರೆಗಳ ನಿರ್ಮಾಣವನ್ನೂ ದತ್ತಿಗಳನ್ನೂ ವಿವೇಚಿಸಿದ್ದಾರೆ. ಜಾನಪದ ವಿದ್ವಾಂಸರು ಕೆರೆಯ ಸುತ್ತ ಬೆಳೆದ ಕಥನಗೀತೆ, ಐತಿಹ್ಯ, ಆಚರಣೆಗಳನ್ನು ಸಂಗ್ರಹಿಸಿ ವಿಶ್ಲೇಷಿಸಿದ್ದಾರೆ. ಕಡಲಿನಿಂದ ದಂಡೆಯನ್ನು ಕಾಯುವ ವಿದ್ಯೆಯಾದರೋ ಎಂಜಿನಿಯರಿಂಗ್ ಮತ್ತು ಭೂವಿಜ್ಞಾನಗಳ ವಿಷಯವಾಗಿಯೇ ಉಳಿದುಬಂದಿದೆ. ಕಡಲಕೊರೆತವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಲ್ಲಿನ ರಾಶಿ, ವಾಲಿದ ತೆಂಗಿನಮರ, ಅರ್ಧ ಕುಸಿದ ಮನೆಯ ಗೋಡೆ. ದಂಡೆಯನ್ನು ಕಾಯುವ ಹೊಣೆ ಯಾರದಾಗಿತ್ತು, ಆ ಕಾಯುವಿಕೆಯ ಬೆಲೆಯನ್ನು ಯಾರು ತೆತ್ತರು ಎಂಬ ಸಾಮಾಜಿಕ ಚರಿತ್ರೆ ಇವುಗಳ ಹಿಂದೆ ಮರೆಯಾಗಿದೆ.

ಬಯಲಿನ ಕೆರೆಯನ್ನೂ ಕರಾವಳಿಯ ದಂಡೆಯನ್ನೂ ಒಟ್ಟಿಗೆ ಓದುವ ಪ್ರಯತ್ನ ಪ್ರಸ್ತುತ ಲೇಖನದ್ದು. ಈ ಓದಿನ ಒಂದು ತುದಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ. ಇನ್ನೊಂದು ತುದಿ ನೇತ್ರಾವತಿ ಕಡಲು ಸೇರುವ ಉಳ್ಳಾಲ. ಇವೆರಡನ್ನು ಜೋಡಿಸುವುದಕ್ಕೆ ಆಧಾರವಿದೆ. ಭಕ್ತರ ನಂಬಿಕೆಯಲ್ಲಿ ಕುಕ್ಕೆಯದು ಆದಿ ಸುಬ್ರಹ್ಮಣ್ಯ, ಘಾಟಿಯದು ಮಧ್ಯ ಸುಬ್ರಹ್ಮಣ್ಯ, ಪಾವಗಡ ತಾಲ್ಲೂಕಿನ ನಾಗಲಮಡಿಕೆಯದು ಅಂತ್ಯ ಸುಬ್ರಹ್ಮಣ್ಯ. ಕುಕ್ಕೆಯಲ್ಲಿ ಭಕ್ತರು ಮೀಯುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಂಡು ಮಂಗಳೂರು-ಉಳ್ಳಾಲಗಳ ನಡುವಣ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ನಂಬಿಕೆಯ ಈ ನಕ್ಷೆಯ ಮೇಲೆ ಇತ್ತೀಚಿನ ವರ್ಷಗಳಲ್ಲಿ ನೀರು ಸಾಗಿಸುವ ನಕ್ಷೆಯೊಂದು ಮೂಡಿದೆ. ಅದನ್ನು ಮುಂದೆ ಚರ್ಚಿಸಲಾಗುವುದು.

ನೀರನ್ನು ಎದುರಿಸಿ ನಿಲ್ಲುವ ಯಾವುದೇ ಕಟ್ಟಣೆಯ ಬಾಳಿಕೆಗೆ ಮೂರು ಸಂಗತಿಗಳು ಅಗತ್ಯವೆಂಬುದು ಇಲ್ಲಿನ ಪ್ರಮೇಯ. ಅದನ್ನು ವರ್ಷವರ್ಷವೂ ನೋಡಿಕೊಳ್ಳುವ ಹೊಣೆಗಾರನಿರಬೇಕು. ಹೆಚ್ಚಾದ ನೀರಿಗೆ ಬಿಟ್ಟುಕೊಟ್ಟ ಜಾಗವಿರಬೇಕು. ಮೇಲಿನಿಂದ ಬರುವ ನೀರು ಮತ್ತು ಮಣ್ಣಿನ ಲೆಕ್ಕವಿರಬೇಕು. ಬಯಲುಸೀಮೆಯ ಕೆರೆ ಈ ಮೂರನ್ನೂ ತನ್ನ ರಚನೆಯಲ್ಲಿಯೇ ಒಳಗೊಂಡಿತ್ತು. ಕರಾವಳಿಯ ತಡೆಗೋಡೆಗೆ ಇವುಗಳಲ್ಲಿ ಒಂದೂ ಪೂರ್ಣವಾಗಿ ದೊರೆಯಲಿಲ್ಲ.

1. ಏರಿಗೊಬ್ಬ ಹೊಣೆಗಾರ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಕೆರೆಯಿಂದ ಕೆರೆಗೆ ಇಳಿಯುತ್ತ ಹೆಸರಘಟ್ಟದ ಕಡೆಗೆ ಸಾಗುವ ಹೊಳೆ. ಇಲ್ಲಿ ಕೃಷಿಯ ಚರಿತ್ರೆಯೆಂದರೆ ಕೆರೆಗಳ ಚರಿತ್ರೆಯೇ. ಏರಿ, ತೂಬು, ಕೋಡಿ, ಅಂಗಳ, ಕಾಲುವೆ, ಅಚ್ಚುಕಟ್ಟು ಎಂದು ಕೆರೆಯ ಒಂದೊಂದು ಅಂಗಕ್ಕೂ ಹೆಸರಿದೆ. ಒಂದೊಂದು ಅಂಗದ ಹಿಂದೆಯೂ ಹಕ್ಕು-ಹೊಣೆಗಳ ಏರ್ಪಾಡಿದೆ. ತೂಬನ್ನು ತೆಗೆದು ಮುಚ್ಚಿ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ನೀರಗಂಟಿ ಊರಿನ ಆಯಗಾರ ವ್ಯವಸ್ಥೆಗೆ ಸೇರಿದವನು. ಏರಿಯ ಮೇಲೆ ಇಲಿ-ಹೆಗ್ಗಣಗಳ ಬಿಲ, ಮರದ ಬೇರು, ನೀರಿನ ಜಿನುಗು ಮೊದಲು ಕಾಣುತ್ತಿದ್ದುದು ಅವನಿಗೇ. ಅವನ ಕಣ್ಣು ಏರಿಯ ರಕ್ಷಣೆಯ ಮೊದಲ ಹಂತ.

ಎರಡನೆಯ ಹಂತ ದತ್ತಿಯದು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮೊದಲಾದ ಪಾರಿಭಾಷಿಕ ಪದಗಳು ಮತ್ತೆಮತ್ತೆ ಬರುತ್ತವೆ. ಇವೆಲ್ಲ ಕೆರೆಯನ್ನು ಕಟ್ಟಿದವನಿಗೆ ಅಥವಾ ಅದನ್ನು ಸುಸ್ಥಿತಿಯಲ್ಲಿಡುವವನಿಗೆ ಬಿಟ್ಟ ಭೂಮಿ ಇಲ್ಲವೆ ಹುಟ್ಟುವಳಿಯ ಪಾಲನ್ನು ಸೂಚಿಸುವ ಪದಗಳು. ಏರಿಗೆ ಮಣ್ಣು ಹೇರುವ ಬಂಡಿಯನ್ನೂ ಅದನ್ನೆಳೆಯುವ ಕೋಣಗಳನ್ನೂ ಇರಿಸಿಕೊಳ್ಳುವುದಕ್ಕಾಗಿಯೇ ದತ್ತಿ ಬಿಟ್ಟ ನಿದರ್ಶನಗಳಿವೆ. ಕೆರೆಯನ್ನು ಕಟ್ಟಿದ ಪುಣ್ಯಕ್ಕೂ ಅದನ್ನು ಉಳಿಸುವ ಖರ್ಚಿಗೂ ಒಂದೇ ಕಲ್ಲಿನಲ್ಲಿ ಜಾಗ ಸಿಕ್ಕಿರುವುದು ಇಲ್ಲಿ ಗಮನಾರ್ಹ.

ಮೂರನೆಯದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚುವರಿ ನೀರು ಏರಿಯನ್ನು ಹತ್ತಿ ಒಡೆಯದಂತೆ ಒಂದು ಪಕ್ಕದಲ್ಲಿ ತಗ್ಗಾಗಿ ಬಿಟ್ಟ ದಾರಿಯೇ ಕೋಡಿ. ಏರಿ ಎಷ್ಟೇ ಭದ್ರವಾಗಿದ್ದರೂ ಕೋಡಿಯಿಲ್ಲದ ಕೆರೆ ನಿಲ್ಲುವುದಿಲ್ಲ. ಕೆರೆ ಕೋಡಿ ಬಿದ್ದಿತೆಂದರೆ ಊರಿಗೆ ಸಂಭ್ರಮ; ಗಂಗೆಪೂಜೆ ನಡೆಯುತ್ತದೆ, ಹೆಣ್ಣುಮಕ್ಕಳು ಬಾಗಿನ ಬಿಡುತ್ತಾರೆ. ನೀರಿಗೆ ಬಿಟ್ಟುಕೊಟ್ಟ ಜಾಗ ಮೊದಲೇ ಗೊತ್ತಾಗಿರುವುದರಿಂದ ಅದು ಉಕ್ಕಿ ಹರಿಯುವುದು ಹಬ್ಬವಾಗುತ್ತದೆ. ಮೇಲಿನ ಕೆರೆಯ ಕೋಡಿಯ ನೀರೇ ಕೆಳಗಿನ ಕೆರೆಯ ಒಳಹರಿವು. ಬೇಸಿಗೆಯಲ್ಲಿ ಅಂಗಳದ ಕೆರೆಗೋಡನ್ನು ಬಂಡಿಗಳಲ್ಲಿ ಹೊಲಗಳಿಗೆ ಹೇರಿದರೆ ಕೆರೆಯ ಹೂಳೂ ಹೋಯಿತು, ಹೊಲಕ್ಕೆ ಗೊಬ್ಬರವೂ ಆಯಿತು. ನೀರಿನ ಜೊತೆಗೆ ಮಣ್ಣಿನ ಲೆಕ್ಕವೂ ಹೀಗೆ ಊರಿನ ದುಡಿಮೆಯೊಳಗೆ ಸೇರಿತ್ತು.

ವಿಜಯನಗರ ಕಾಲದ, 1369ರ ಪೋರುಮಾಮಿಳ್ಳ ಶಾಸನವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಈ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟುವ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ ಮೊದಲಾದ ದೋಷಗಳ ಸಾಲಿನಲ್ಲಿಯೇ ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದನ್ನೂ ದೋಷವೆಂದು ಎಣಿಸಲಾಗಿದೆ. ಆಡಳಿತದ ಹೊಣೆ ಹರಿದುಹಂಚಿಹೋಗುವುದನ್ನು ಏರಿಯ ಬಿರುಕಿಗೆ ಸಮಾನವಾದ ದೋಷವೆಂದು ಆ ಕಾಲದ ತಜ್ಞರು ಗುರುತಿಸಿದ್ದರು.

ಆದರೆ ಈ ಪರಂಪರೆಯನ್ನು ಕೇವಲ ವೈಭವೀಕರಿಸುವುದು ಸಲ್ಲದು. ‘ಕೆರೆಗೆ ಹಾರ’ ಕಥನಗೀತೆ ಅದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಕೆರೆಯಲ್ಲಿ ನೀರು ಬಾರದಿದ್ದಾಗ ಬಲಿಗೆ ಆಯ್ಕೆಯಾಗುವವಳು ಮನೆಯ ಕಿರಿಸೊಸೆ ಭಾಗೀರಥಿ. ಸಮುದಾಯದ ಹಿತಕ್ಕೆ ಬೆಲೆ ತೆರಬೇಕಾದಾಗ ಆ ಬೆಲೆ ಎದುರಾಡಲಾರದವರ ಮೇಲೆ ಬೀಳುತ್ತದೆಂಬ ಕಹಿಸತ್ಯವನ್ನು ಜನಪದವೇ ದಾಖಲಿಸಿದೆ. ಕರಾವಳಿಯ ತಡೆಗೋಡೆಗಳ ಚರಿತ್ರೆಯನ್ನು ಓದುವಾಗಲೂ ಕಿರಿಸೊಸೆಯ ಸ್ಥಾನದಲ್ಲಿ ಯಾರಿದ್ದಾರೆಂದು ಕೇಳಬೇಕಾಗುತ್ತದೆ.

2. ಕರಾವಳಿಯ ಸ್ಥಳನಾಮಗಳು ಹೇಳುವ ಚರಿತ್ರೆ

ಘಟ್ಟದ ಕೆಳಗೆ ಬಂದರೆ ನೀರು-ನೆಲಗಳ ಸಂಬಂಧವನ್ನು ಹೇಳುವ ಪದಕೋಶವೇ ಬೇರೆ. ನದಿ ಕಡಲನ್ನು ಸೇರುವ ಬಾಯಿ ಅಳಿವೆ. ನದಿಗೂ ಕಡಲಿಗೂ ನಡುವೆ ನಾಲಗೆಯಂತೆ ಚಾಚಿಕೊಂಡ ಮರಳ ದಿಣ್ಣೆ ಬೆಂಗ್ರೆ. ಹೊಳೆಯ ನಡುವಣ ನೆಲ ದಕ್ಷಿಣದಲ್ಲಿ ಕುದ್ರು, ಉತ್ತರ ಕನ್ನಡದಲ್ಲಿ ಕುರ್ವೆ. ಕಡಲ ಬದಿಯ ಪಟ್ಟಿ ಪಡುಕರೆ, ಮರಳು ಹೊಯಿಗೆ. ಮಂಗಳೂರಿನ ಕಸಬಾ ಬೆಂಗ್ರೆ, ಹೊಯಿಗೆ ಬಜಾರ್, ಉಡುಪಿ ಸೀಮೆಯ ಕೋಡಿಬೆಂಗ್ರೆ, ಕುಂದಾಪುರದ ಕೋಡಿ ಹಾಗೂ ಉಪ್ಪಿನಕುದ್ರು, ಭಟ್ಕಳದ ಅಳ್ವೆಕೋಡಿ, ಹೊನ್ನಾವರದ ಪಾವಿನಕುರ್ವೆ ಈ ಹೆಸರುಗಳೆಲ್ಲ ನೀರು ಕೊಟ್ಟ ನೆಲದ ಹೆಸರುಗಳು. ನೀರು ಕೊಟ್ಟದ್ದನ್ನು ನೀರು ಹಿಂದಕ್ಕೆ ಪಡೆಯಬಹುದೆಂಬ ತಿಳಿವಳಿಕೆಯೂ ಅವುಗಳಲ್ಲಿ ಅಡಗಿದೆ.

ಬಯಲುಸೀಮೆಯಲ್ಲಿ ಕೆರೆಯ ಹೊರಹರಿವನ್ನು ಸೂಚಿಸುವ ಕೋಡಿ ಎಂಬ ಪದ ಕರಾವಳಿಯಲ್ಲಿ ಅಳಿವೆಯ ಬಳಿಯ ನೆಲದ ತುದಿಗೆ ಹೆಸರಾಗಿರುವುದು ಕುತೂಹಲಕರ. ಇವೆರಡರ ನಿಷ್ಪತ್ತಿ ಒಂದೇ ಎಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಎರಡು ಕಡೆಯೂ ಕೋಡಿ ಎಂಬುದು ನೀರು ತನ್ನ ಎಲ್ಲೆಯನ್ನು ಮೀರಿ ಹೊರಬೀಳುವ ತಾಣ ಎಂಬಷ್ಟು ಸಾಮ್ಯ ನಮ್ಮ ಚರ್ಚೆಗೆ ಸಾಕು.

ಈ ನೆಲದ ಚಲನಶೀಲತೆಗೆ ಲಿಖಿತ ಆಕರಗಳ ಬೆಂಬಲವೂ ಇದೆ. 1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಂಗಳೂರಿನ ಹಿನ್ನೀರನ್ನೂ ಅದನ್ನು ಕಡಲಿನಿಂದ ಬೇರ್ಪಡಿಸುವ ಮರಳ ದಂಡೆಯನ್ನೂ ವಿವರಿಸಿದ್ದಾನೆ. ಅದಕ್ಕೂ ಮೊದಲು, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡಾಗ ಆಕೆ ತಾನು ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ನೋಡಲು ಕಾಲ್ನಡೆಯಲ್ಲಿ ಬಂದಿದ್ದಳು. ಪೋರ್ಚುಗೀಸರೊಂದಿಗಿನ ಹೋರಾಟಕ್ಕಾಗಿ ಹೆಸರಾದ ಉಳ್ಳಾಲದ ಅರಸುಮನೆತನ ನೀರಿನ ಕೆಲಸದಲ್ಲಿಯೂ ಸ್ವತಃ ತೊಡಗಿತ್ತೆಂಬುದಕ್ಕೆ ಈ ಚಿತ್ರ ಸಾಕ್ಷಿ.

ಕಡಲ ತೀರದ ಮೊಗವೀರ ಪಟ್ಣಗಳಿಗೆ ದಂಡೆಯೆಂಬುದು ದುಡಿಮೆಯ ಕಣ. ದೋಣಿ ಎಳೆದಿಡಲು, ಬಲೆ ಹರಡಲು, ಮೀನು ಒಣಗಿಸಲು ಅಗಲವಾದ ದಂಡೆ ಬೇಕು. ಇಪ್ಪತ್ತನೆಯ ಶತಮಾನದಲ್ಲಿ ಬಹುಕಾಲ ಕರಾವಳಿಯ ಮೀನುಗಾರಿಕೆಯ ಮುಖ್ಯ ಸಾಧನವಾಗಿದ್ದ ರಂಪಣಿ ಬಲೆಯನ್ನು ಹತ್ತಾರು ಜನ ಸೇರಿ ದಂಡೆಗೆ ಎಳೆಯಬೇಕಾಗಿತ್ತು. ಆ ಬಲೆಯೂ ಅದರ ಹುಟ್ಟುವಳಿಯೂ ಗುಂಪಿನ ಸೊತ್ತು. 1970ರ ದಶಕದ ಕೊನೆಯಿಂದ ಪರ್ಸೀನ್ ದೋಣಿಗಳು ಹೆಚ್ಚಿದಂತೆ ರಂಪಣಿ ಹಿಂದೆ ಸರಿಯಿತು. ಮೀನುಗಾರಿಕೆಯ ಕೇಂದ್ರ ದಂಡೆಯಿಂದ ಬಂದರಿಗೆ ಸ್ಥಳಾಂತರಗೊಂಡಿತು. ದಂಡೆಯ ಅಗಲವನ್ನು ತಮ್ಮ ಅನ್ನವೆಂದು ಅಳೆಯುತ್ತಿದ್ದ ಕಣ್ಣುಗಳು ಕಡಿಮೆಯಾದುದು, ಬಂದರುಗಳಿಗಾಗಿ ಅಳಿವೆಗಳಲ್ಲಿ ಕಲ್ಲಿನ ಕಟ್ಟಣೆಗಳು ಏಳತೊಡಗಿದುದು, ಇವೆರಡೂ ಹೆಚ್ಚುಕಡಿಮೆ ಒಂದೇ ಕಾಲಘಟ್ಟದ ಬೆಳವಣಿಗೆಗಳು.

ಆಚರಣೆಗಳೂ ಇದೇ ಸಂಬಂಧವನ್ನು ಹೇಳುತ್ತವೆ. ನೂಲಹುಣ್ಣಿಮೆಯ ಸಮುದ್ರಪೂಜೆಯಲ್ಲಿ ಕಡಲಿಗೆ ಹಾಲು, ತೆಂಗಿನಕಾಯಿ ಸಲ್ಲುತ್ತವೆ. ಮಳೆಗಾಲದ ಅಬ್ಬರ ಇಳಿಯತೊಡಗುವ ಈ ಹೊತ್ತಿಗೆ ಕಡಲು ದಂಡೆಯ ಮರಳನ್ನು ಒಳಗೆಳೆದುಕೊಂಡಿರುತ್ತದೆ. ಮುಂದಿನ ಶಾಂತ ತಿಂಗಳುಗಳಲ್ಲಿ ಸಣ್ಣ ಅಲೆಗಳು ಅದನ್ನು ಬಹುಮಟ್ಟಿಗೆ ಮರಳಿ ತಂದುಹಾಕುತ್ತವೆ. ದಂಡೆ ಮಳೆಗಾಲದಲ್ಲಿ ಸಣ್ಣದಾಗಿ ಬೇಸಿಗೆಯಲ್ಲಿ ದೊಡ್ಡದಾಗುವುದು ಕಡಲಿನ ಸಹಜ ಉಸಿರಾಟ. ಕೆರೆಗೆ ಕೋಡಿಯಿರುವಂತೆ ಕಡಲಿಗೆ ದಂಡೆ. ಹಿಂದೆ ಮಡಲು ಹೊದಿಸಿದ ಬಿಡಾರಗಳನ್ನು ಬಿಚ್ಚಿ ಹಿಂದಕ್ಕೆ ಕಟ್ಟಿಕೊಳ್ಳುವುದು ಸಾಧ್ಯವಿತ್ತು. ಹಿಂದಕ್ಕೆ ಸರಿಯಲು ಜಾಗವೂ ಇತ್ತು. ಮೊಗವೀರರು ವಿಶೇಷವಾಗಿ ನಂಬುವ ಬಬ್ಬರ್ಯ ದೈವವನ್ನು ಪಾಡ್ದನಗಳ ಹಲವು ಪಾಠಗಳು ಮುಸ್ಲಿಂ ಮೂಲದ ಕಡಲ ವ್ಯಾಪಾರಿ ಕುಟುಂಬದೊಂದಿಗೆ ಬೆಸೆಯುತ್ತವೆ. ಕಡಲ ಅಂಚಿನ ಬದುಕು ಹಂಚಿಕೊಂಡ ಅಪಾಯದಿಂದ ರೂಪುಗೊಂಡಿತೆಂಬುದನ್ನು ಈ ದೈವದ ಚರಿತ್ರೆ ಸೂಚಿಸುತ್ತದೆ. ಉಳ್ಳಾಲದಲ್ಲಿ ಇಂದಿಗೂ ಮೊಗವೀರರ ಮನೆಗಳೂ ಬ್ಯಾರಿ ಮುಸ್ಲಿಮರ ಮನೆಗಳೂ ಒಂದೇ ಅಲೆಯನ್ನು ಎದುರಿಸುತ್ತವೆ.

3. ಗಜನಿಯ ಒಡ್ಡು

ಕರಾವಳಿಯಲ್ಲಿ ಕೆರೆಯ ಏರಿಗೆ ತೀರ ಹತ್ತಿರವಾದ ಸಾಮುದಾಯಿಕ ಕಟ್ಟಣೆಯೊಂದಿತ್ತು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯ ಉಪ್ಪುನೀರು ಹೊಕ್ಕು ಬರುವ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಇವುಗಳ ಸುತ್ತ ಮಣ್ಣಿನ ಒಡ್ಡು ಕಟ್ಟಿ, ಹಲಗೆಯ ಬಾಗಿಲುಗಳನ್ನಿಟ್ಟು, ಮಳೆನೀರು ನೆಲದ ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತವನ್ನು ಬೆಳೆಯುವುದು ಇಲ್ಲಿನ ಪದ್ಧತಿ. ಕಗ್ಗ ಉಪ್ಪನ್ನೂ ಕೆಲದಿನಗಳ ಮುಳುಗಡೆಯನ್ನೂ ತಾಳಿಕೊಳ್ಳುವ ತಳಿ. ಕೊಯ್ಲಿನ ಬಳಿಕ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಬಿಟ್ಟರೆ ಅದರೊಂದಿಗೆ ಮೀನು-ಸಿಗಡಿಗಳೂ ಬರುತ್ತವೆ. ಒಡ್ಡಿನ ಅಂಚಿನ ಕಾಂಡ್ಲಾ ಗಿಡಗಳು ಅಲೆಯ ಹೊಡೆತವನ್ನು ತಗ್ಗಿಸುತ್ತವೆ.

ಕಡಲನ್ನು ಪೂರ್ತಿಯಾಗಿ ಹೊರಗಿಡುವ ಉದ್ದೇಶ ಈ ವ್ಯವಸ್ಥೆಗಿರಲಿಲ್ಲ. ಅರ್ಧ ವರ್ಷ ನೆಲವನ್ನು ಭತ್ತಕ್ಕೂ ಅರ್ಧ ವರ್ಷ ಉಬ್ಬರಕ್ಕೂ ಬಿಟ್ಟುಕೊಟ್ಟ ಒಪ್ಪಂದ ಅದು. ಒಡ್ಡಿನ ಒಂದು ಕಡೆ ಬಿರುಕು ಬಿಟ್ಟರೂ ಇಡೀ ಗಜನಿಗೆ ಉಪ್ಪು ನುಗ್ಗುವುದರಿಂದ ಒಬ್ಬನ ಅಸಡ್ಡೆ ಎಲ್ಲರ ನಷ್ಟ. ಹೀಗಾಗಿ ಒಡ್ಡು ಕಾಯುವುದು ಊರೊಟ್ಟಿನ ಕೆಲಸವಾಗಿತ್ತು. ಮಾಣಿಕಟ್ಟದಂಥ ಊರುಗಳಲ್ಲಿ ಬೆಳೆಗಾರರು ಒಟ್ಟಾಗಿ ಗಜನಿಯನ್ನು ನಿರ್ವಹಿಸಿದ ಪರಂಪರೆ ಇದಕ್ಕೆ ಉತ್ತಮ ನಿದರ್ಶನ. ಮುಂದೆ ಸರ್ಕಾರ ಖಾರಲ್ಯಾಂಡ್ ಯೋಜನೆಯಡಿ ಶಾಶ್ವತ ಒಡ್ಡುಗಳನ್ನು ಕಟ್ಟಿತು. ಮಣ್ಣಿನ ಒಡ್ಡಿಗೆ ವರ್ಷವೂ ಬೇಕಾಗಿದ್ದ ಊರಿನ ಕೈಗಳು ಕಲ್ಲಿನ ಒಡ್ಡಿಗೆ ಬೇಡವಾದವು. ನಂತರದ ದಶಕಗಳಲ್ಲಿ ಸಿಗಡಿ ಕೃಷಿ ಹಬ್ಬಿದಾಗ ಭತ್ತದ ಋತು ಹಿಂದೆ ಬಿದ್ದಿತು. ಸಿಗಡಿ ಕೃಷಿಯನ್ನು ಕರಾವಳಿ ನಿಯಂತ್ರಣ ವಲಯದಲ್ಲಿ ನಿರ್ಬಂಧಿಸಿದ ಸುಪ್ರೀಂ ಕೋರ್ಟಿನ ತೀರ್ಪು 1996ರ ಡಿಸೆಂಬರಿನಲ್ಲಿ ಬಂದಿತಾದರೂ, ಒಡೆದ ಊರೊಟ್ಟನ್ನು ತೀರ್ಪೊಂದು ಮರಳಿ ಕಟ್ಟಿಕೊಡಲಾರದು. ಒಡ್ಡು ಗಟ್ಟಿಯಾದಂತೆ ಹೊಣೆ ಸಡಿಲವಾದ ಈ ಪ್ರಸಂಗ ಕರಾವಳಿ ರಕ್ಷಣೆಯ ಚರಿತ್ರೆಗೆ ಒಂದು ಪಾಠ.

4. ಉಳ್ಳಾಲ: ಅಳಿವೆಗೆ ಇಟ್ಟ ಕಲ್ಲು

ಕನ್ನಡ ಕರಾವಳಿ 1862ರಲ್ಲಿ ಎರಡಾಗಿ ಒಡೆದು ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೂ ದಕ್ಷಿಣ ಕೆನರಾ ಮದರಾಸು ಪ್ರಾಂತ್ಯಕ್ಕೂ ಸೇರಿಹೋಯಿತು. 1956ರ ತನಕ ಹಾಗೆಯೇ ಉಳಿಯಿತು. ಪೋರುಮಾಮಿಳ್ಳ ಶಾಸನ ಹೇಳುವ ಗಡಿಯ ದೋಷ ಈ ದಂಡೆಗೆ ಶತಮಾನದ ಕಾಲ ಅಂಟಿಕೊಂಡಿತ್ತೆನ್ನಬಹುದು. ಏಕೀಕರಣದ ಅನಂತರ ಬಂದರುಗಳ ಅಭಿವೃದ್ಧಿಗೆ ವೇಗ ದೊರೆಯಿತು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ಮಂಗಳೂರಿನ ಹಳೆ ಬಂದರಿಗೆ ಹೋಗಿಬರುವ ದೋಣಿಗಳಿಗೆ ನೇತ್ರಾವತಿ-ಗುರುಪುರ ನದಿಗಳ ಜಂಟಿ ಅಳಿವೆಯಲ್ಲಿ ಹೂಳು ತೊಡಕಾಗಿತ್ತು. ಇದರ ಪರಿಹಾರಕ್ಕಾಗಿ 1990ರ ದಶಕದ ಪೂರ್ವಾರ್ಧದಲ್ಲಿ ಅಳಿವೆಯ ಎರಡೂ ಬದಿಗೆ ಅಲೆತಡೆಗಳನ್ನು ಕಟ್ಟಲಾಯಿತು.

ಅಲೆತಡೆಯ ಕಾರ್ಯವಿಧಾನವನ್ನು ಸಂಕ್ಷೇಪವಾಗಿ ವಿವರಿಸಬಹುದು. ಕಡಲಂಚಿನ ಮರಳು ಒಂದೆಡೆ ನಿಲ್ಲುವುದಿಲ್ಲ. ಓರೆಯಾಗಿ ಬಂದು ಬಡಿಯುವ ಅಲೆಗಳು ಅದನ್ನು ದಂಡೆಯುದ್ದಕ್ಕೂ ಸಾಗಿಸುತ್ತಿರುತ್ತವೆ. ಇದರ ಅಡ್ಡಕ್ಕೆ ಕಲ್ಲಿನ ಕಟ್ಟೆ ಚಾಚಿದರೆ ಒಂದು ಪಕ್ಕದಲ್ಲಿ ಮರಳು ಕೂಡುತ್ತದೆ, ಇನ್ನೊಂದು ಪಕ್ಕಕ್ಕೆ ಬರಬೇಕಾದ ಮರಳು ನಿಂತುಹೋಗುತ್ತದೆ. ನೇತ್ರಾವತಿಯ ಅಳಿವೆಯಲ್ಲಿ ಉತ್ತರದ ಬೆಂಗ್ರೆ ಬೆಳೆಯಿತು. ದಕ್ಷಿಣದ ಉಳ್ಳಾಲ ಕರಗಿತು. ಕೋಟೆಪುರ, ಮೊಗವೀರಪಟ್ಣಗಳ ಕಡೆ ಮಳೆಗಾಲ ಬಂತೆಂದರೆ ಮನೆ, ತೆಂಗು, ರಸ್ತೆಗಳು ಕಡಲ ಪಾಲಾಗುವುದು ವಾರ್ಷಿಕ ಸುದ್ದಿಯಾಯಿತು.

ತಕ್ಷಣದ ಪರಿಹಾರವಾಗಿ ಬಂದುದು ಕಲ್ಲಿನ ತಡೆಗೋಡೆ. ಗೋಡೆಗೆ ಬಡಿದ ಅಲೆ ತನ್ನ ಶಕ್ತಿಯನ್ನು ಕಳೆದುಕೊಳ್ಳದೆ ಹಿಂದಿರುಗುತ್ತ ಬುಡದ ಮರಳನ್ನು ಕೊರೆಯುತ್ತದೆ; ಬುಡ ಸಡಿಲವಾದ ಕಲ್ಲು ಜಾರುತ್ತದೆ; ಮರುವರ್ಷ ಮತ್ತೆ ಕಲ್ಲು ಸುರಿಯಬೇಕಾಗುತ್ತದೆ. ಗೋಡೆಯ ಹಿಂದಿನ ಮನೆ ಕೆಲಕಾಲ ಉಳಿದೀತು, ಆದರೆ ಗೋಡೆಯ ಮುಂದಿನ ದಂಡೆ ಉಳಿಯದು. ದೋಣಿ ಎಳೆಯುವ, ಬಲೆ ಹರಡುವ ಕಣ ಹೋಗುತ್ತದೆ. ಇದಕ್ಕಿಂತ ಗಂಭೀರವಾದುದು ಗೋಡೆಯ ಕೊನೆಯಲ್ಲಿ ನಡೆಯುವ ಕ್ರಿಯೆ. ಅಲ್ಲಿಂದಾಚೆಯ ಕಾಪಿಲ್ಲದ ದಂಡೆಯ ಮೇಲೆ ಕೊರೆತ ತೀವ್ರವಾಗುತ್ತದೆ. ಒಂದು ಊರನ್ನು ಉಳಿಸಿದ ಗೋಡೆ ಮುಂದಿನ ಊರನ್ನು ಕಡಲಿಗೆ ಮುಂದೊಡ್ಡುತ್ತದೆ. ಗೋಡೆ ಮುಗಿಯುವಲ್ಲಿ ಮೊದಲು ಸಿಗುವ ಮನೆಯೇ ಈ ಚರಿತ್ರೆಯ ಕಿರಿಸೊಸೆ. ಅಲ್ಲಿಗೂ ಗೋಡೆ ಬೇಕೆಂಬ ಬೇಡಿಕೆ ಬರುತ್ತದೆ. ಗೋಡೆ ಇನ್ನಷ್ಟು ಉದ್ದವಾಗುತ್ತದೆ. ಬಲಿಯ ಜಾಗ ಇನ್ನಷ್ಟು ತೆಂಕಕ್ಕೋ ಬಡಗಕ್ಕೋ ಸರಿಯುತ್ತದೆ.

ಈ ಸರಣಿಯನ್ನು ತುಂಡರಿಸುವ ಪ್ರಯತ್ನ ನಡೆಯದೆ ಇಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಮಂಜೂರು ಮಾಡಿದ ಸುಸ್ಥಿರ ಕರಾವಳಿ ಸಂರಕ್ಷಣೆ ಮತ್ತು ನಿರ್ವಹಣೆಯ ಕಾರ್ಯಕ್ರಮದಲ್ಲಿ ಉಳ್ಳಾಲ ಮುಖ್ಯ ಸ್ಥಳವಾಗಿತ್ತು. ರಾಜ್ಯದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಮೂಲಕ ನಡೆದ ಈ ಕಾಮಗಾರಿಯಲ್ಲಿ ಕಡಲೊಳಗೆ ಮುಳುಗಿದ ಕೃತಕ ದಿಬ್ಬಗಳನ್ನು ನಿರ್ಮಿಸುವುದು, ದಂಡೆಯ ಬಳಿ ಕಿರುದಿಣ್ಣೆಗಳನ್ನು ಕಟ್ಟುವುದು, ಹಳೆಯ ಅಲೆತಡೆಗಳನ್ನು ದುರಸ್ತಿ ಮಾಡುವುದು ಸೇರಿದ್ದವು. ಅಲೆಯನ್ನು ದಂಡೆಯಲ್ಲಿ ಎದುರಿಸುವ ಬದಲು ದೂರದಲ್ಲಿಯೇ ಅದರ ಬಲವನ್ನು ಕುಗ್ಗಿಸುವುದು ಇದರ ತತ್ತ್ವ. ಪುದುಚೇರಿಯಲ್ಲಿ ಬಂದರಿನ ಅಲೆತಡೆಗಳಿಂದಾಗಿ ಕಣ್ಮರೆಯಾಗಿದ್ದ ದಂಡೆಯ ಒಂದು ಭಾಗ 2018ರಲ್ಲಿ ಇಂಥ ಮುಳುಗುದಿಬ್ಬವನ್ನಿಟ್ಟ ಬಳಿಕ ಮರಳಿ ರೂಪುಗೊಂಡಿತು. ಉಳ್ಳಾಲದ ನೆರೆಯಲ್ಲಿ ಮಾತ್ರ ಆತಂಕ ಮುಗಿಯಲಿಲ್ಲ. 2017ರ ಓಖಿ, 2021ರ ತೌಕ್ತೆ ಚಂಡಮಾರುತಗಳ ಸಂದರ್ಭದಲ್ಲಿ ಈ ಭಾಗದ ದಂಡೆ ಮತ್ತೆ ಹಾನಿಗೊಳಗಾಯಿತು. ಸೋಮೇಶ್ವರ, ಉಚ್ಚಿಲಗಳ ಕಡೆಯಿಂದ ದೂರುಗಳು ಕೇಳಿಬಂದವು.

ಇಡೀ ರಾಜ್ಯದ ಚಿತ್ರವನ್ನು ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಅಧ್ಯಯನ ಒದಗಿಸುತ್ತದೆ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಆಧರಿಸಿದ ಈ ಅಧ್ಯಯನದಂತೆ ಕರ್ನಾಟಕದ 313.02 ಕಿ.ಮೀ. ದಂಡೆಯಲ್ಲಿ 74.34 ಕಿ.ಮೀ., ಅಂದರೆ ಶೇ. 23.7ರಷ್ಟು ಕೊರೆತಕ್ಕೆ ಒಳಗಾಗಿದೆ. ದೇಶದ ಸರಾಸರಿ ಶೇ. 33.6, ನೆರೆಯ ಕೇರಳದ ಪ್ರಮಾಣ ಶೇ. 46.4. ಕರ್ನಾಟಕದ ಸ್ಥಿತಿ ಹೋಲಿಕೆಯಲ್ಲಿ ಉತ್ತಮವೆಂದು ತೋರಿದರೂ ಸರಾಸರಿಯೆಂಬುದು ಗೋಡೆಯ ಕೊನೆಯ ಮನೆಯ ಪಾಡನ್ನು ಹೇಳಲಾರದು. ಅದೇ ಅಧ್ಯಯನದಂತೆ ಶೇ. 26ರಷ್ಟು ದಂಡೆಯಲ್ಲಿ ಮರಳು ಕೂಡಿದೆ. ಬೆಂಗ್ರೆಯ ಗಳಿಕೆಯೂ ಉಳ್ಳಾಲದ ನಷ್ಟವೂ ಒಂದೇ ಲೆಕ್ಕಪತ್ರದ ಎರಡು ಬದಿಗಳು.

5. ಕುಮಾರಧಾರೆಯ ಮರಳು, ಘಾಟಿಯ ನೀರು

ಆ ಲೆಕ್ಕಪತ್ರದ ಇನ್ನೊಂದು ಪುಟ ಘಟ್ಟದಲ್ಲಿದೆ. ದಂಡೆಗೆ ಬೇಕಾದ ಮರಳನ್ನು ಗಣನೀಯ ಪ್ರಮಾಣದಲ್ಲಿ ಒದಗಿಸುವುದು ನದಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ, ಕಾಳಿಗೆ ಸೂಪಾ ಮುಂತಾದ ಅಣೆಕಟ್ಟುಗಳು ಬಂದ ಮೇಲೆ, ಮೇಲಿನ ಕಣಿವೆಯ ಮರಳು ಜಲಾಶಯಗಳಲ್ಲಿ ತಂಗತೊಡಗಿತು. ನೇತ್ರಾವತಿಗೆ ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ ಕಿಂಡಿ ಅಣೆಕಟ್ಟಿದೆ. ಹೊಳೆಯ ಮರಳು ಕಟ್ಟಡಗಳಿಗೆ ಸಾಗುತ್ತದೆ. ನಗರದಲ್ಲಿ ಏಳುವ ಗೋಡೆಗೂ ದಂಡೆಯಲ್ಲಿ ಕುಸಿಯುವ ಗೋಡೆಗೂ ಬೇಕಾದ ಮರಳು ಒಂದೇ.

ಈ ಹಂತದಲ್ಲಿ ಘಾಟಿಯ ಸೀಮೆ ಚರ್ಚೆಯೊಳಗೆ ಬರುತ್ತದೆ. ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ ಹಾಗೂ ನೆರೆಯ ತೊರೆಗಳಿಂದ 24.01 ಟಿಎಂಸಿ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರು ಗ್ರಾಮಾಂತರ ಸೀಮೆಯ ಬರಪೀಡಿತ ತಾಲ್ಲೂಕುಗಳಿಗೆ ಸಾಗಿಸುವ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಎತ್ತಿನಹೊಳೆಯ ನೀರು ಗುಂಡ್ಯ ಹೊಳೆಯ ಮೂಲಕ ಸಹಜವಾಗಿ ಸೇರುವುದು ಕುಮಾರಧಾರೆಯನ್ನು. ಯೋಜನೆಯ ಸಮತೋಲನ ಜಲಾಶಯಕ್ಕೆ ಗುರುತಿಸಲಾದ ನೆಲದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಗ್ರಾಮಗಳೂ ಇದ್ದವು. ಆದಿ ಸುಬ್ರಹ್ಮಣ್ಯದ ಹೊಳೆಯ ಕವಲೊಂದರ ನೀರು ಮಧ್ಯ ಸುಬ್ರಹ್ಮಣ್ಯದ ತಾಲ್ಲೂಕನ್ನು ಮುಟ್ಟುವ ಯೋಜನೆಯಿದು.

ಅಂತರ್ಜಲ ಪಾತಾಳಕ್ಕಿಳಿದ ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಘಾಟಿಯ ದನಗಳ ಜಾತ್ರೆಗೆ ರಾಸುಗಳನ್ನು ಹೊಡೆದುಕೊಂಡು ಬರುವ ರೈತನಿಗೆ ನೀರೇ ಬದುಕು. ದಕ್ಷಿಣ ಕನ್ನಡದಲ್ಲಿ ಯೋಜನೆಗೆ ಎದುರಾದ ವಿರೋಧದ ಹಿಂದಿನ ಭಯವೂ ಸುಳ್ಳಲ್ಲ. ನೇತ್ರಾವತಿಯ ಮೇಲ್ಹರಿವು ಬದಲಾದರೆ ಕಾಡಿಗೆ, ಮೀನಿಗೆ, ಅಳಿವೆಗೆ ಏನಾದೀತೆಂಬುದು ಅವರ ಪ್ರಶ್ನೆ. ಇವೆರಡರಲ್ಲಿ ಒಂದನ್ನು ಎತ್ತಿಹಿಡಿದು ಇನ್ನೊಂದನ್ನು ಅಲ್ಲಗಳೆಯುವುದು ಚರಿತ್ರೆಯ ವಿದ್ಯಾರ್ಥಿಯ ಕೆಲಸವಾಗಲಾರದು. ಕೆರೆಗಳ ಸರಪಳಿಯಲ್ಲಿ ಮೇಲಿನ ಕೆರೆಯ ಕೋಡಿಯನ್ನು ಎತ್ತರಿಸಬೇಕಾದರೆ ಕೆಳಗಿನ ಕೆರೆಯವರನ್ನು ಕೇಳಬೇಕೆಂಬ ನ್ಯಾಯವನ್ನು ಬಯಲುಸೀಮೆ ಬಲ್ಲದು. ನೇತ್ರಾವತಿಯ ವಿಷಯದಲ್ಲಿ ಉಳ್ಳಾಲ ಕೆಳಗಿನ ಕೆರೆ. ಈ ನ್ಯಾಯವನ್ನು ಅದಕ್ಕೂ ಸಲ್ಲಿಸಬೇಕೆಂದು ಹೇಳುವ ನೈತಿಕ ಹೊಣೆ ಘಾಟಿಯ ಸೀಮೆಯ ಮೇಲಿದೆ.

6. ಸಮಾರೋಪ

ಹೊರದೇಶದ ಅನುಭವವೂ ಈ ಮಾತನ್ನು ಪುಷ್ಟೀಕರಿಸುತ್ತದೆ. ನೆದರ್ಲೆಂಡಿನಲ್ಲಿ ಹದಿಮೂರನೆಯ ಶತಮಾನದಿಂದ ಜಲಮಂಡಳಿಗಳು ಕೆಲಸ ಮಾಡುತ್ತ ಬಂದಿವೆ. ಹಳೆಯ ಪದ್ಧತಿಯಲ್ಲಿ ಒಬ್ಬೊಬ್ಬ ಭೂಮಾಲೀಕನಿಗೂ ಒಡ್ಡಿನ ಒಂದೊಂದು ಭಾಗದ ಹೊಣೆಯಿತ್ತು. ಅದನ್ನು ಹೊರಲಾರದವನು ತನ್ನ ಸನಿಕೆಯನ್ನು ಒಡ್ಡಿನಲ್ಲಿ ಊರಿ ಭೂಮಿಯನ್ನು ಬಿಟ್ಟುಹೋಗಬೇಕಾಗಿತ್ತು. ಅದೇ ದೇಶ 1990ರಲ್ಲಿ ದಂಡೆಗೆ ಮರಳುಣಿಸುತ್ತ ಅದನ್ನು ಕಾಯುವ ನೀತಿಗೆ ಹೊರಳಿತು. 2011ರಲ್ಲಿ ಸುಮಾರು 2 ಕೋಟಿ 15 ಲಕ್ಷ ಘನಮೀಟರ್ ಮರಳನ್ನು ಒಂದೆಡೆ ಸುರಿದು, ಅಲೆಗಳೇ ಅದನ್ನು ದಂಡೆಯುದ್ದಕ್ಕೂ ಹಂಚಿಕೊಳ್ಳುವಂತೆ ಮಾಡಿತು. ನಿತ್ಯದ ಹೊಣೆಗಾರಿಕೆ ಮತ್ತು ಮರಳಿನ ಲೆಕ್ಕ, ಕೆರೆಯ ಪರಂಪರೆ ಕಲಿಸುವ ಇವೇ ಎರಡು ತತ್ತ್ವಗಳು ಅಲ್ಲಿಯೂ ಕಾಣುತ್ತವೆ.

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಮೊದಲನೆಯದಾಗಿ, ದಂಡೆಯ ರಕ್ಷಣೆಗೆ ಕಟ್ಟುವ ಹಣದ ಜೊತೆಗೆ ಕಾಯುವ ಹಣವೂ ಮೀಸಲಾಗಬೇಕು. ಪ್ರತಿ ಪಟ್ಣದಲ್ಲಿಯೂ ದಂಡೆಯನ್ನು ನೋಡಿಕೊಳ್ಳುವ ಸ್ಥಳೀಯರಿಗೆ ನೀರಗಂಟಿಗಿದ್ದಂಥ ಅಧಿಕೃತ ಸ್ಥಾನ ದೊರೆಯಬೇಕು. ಎರಡನೆಯದಾಗಿ, ಗೋಡೆಯೊಂದನ್ನು ಕಟ್ಟುವ ಮುನ್ನ ಅದರ ಕೊನೆಯಾಚೆಯ ಊರಿನ ಒಪ್ಪಿಗೆ ಪಡೆಯಬೇಕು. ನಷ್ಟವಾದಲ್ಲಿ ಅದನ್ನು ಯೋಜನೆಯ ವೆಚ್ಚವೆಂದೇ ಎಣಿಸಬೇಕು. ಹದಿನೈದನೆಯ ಹಣಕಾಸು ಆಯೋಗ 2021-26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ ರೂಪಾಯಿಯನ್ನೂ ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿಯನ್ನೂ ಶಿಫಾರಸು ಮಾಡಿತು. ನೆಲೆ ಕಳೆದುಕೊಂಡವರನ್ನು ಪ್ರತ್ಯೇಕವಾಗಿ ಗುರುತಿಸಿದ್ದು ಅದರ ಮಹತ್ವ. ಮೂರನೆಯದಾಗಿ, ಪಶ್ಚಿಮವಾಹಿನಿ ನದಿಗಳ ಮೇಲಿನ ಯಾವುದೇ ಯೋಜನೆಯ ವರದಿ ಅಳಿವೆಯನ್ನು ಮುಟ್ಟಿಯೇ ಮುಗಿಯಬೇಕು.

ಜಾನಪದ ಸಂಶೋಧಕರ ಪಾಲಿಗೆ ಬರುವ ಕೆಲಸವೊಂದಿದೆ. ಉಪಗ್ರಹದ ದಾಖಲೆ ಕೆಲವು ದಶಕಗಳಷ್ಟು ಹಿಂದಕ್ಕೆ ಹೋಗಬಲ್ಲದು. ಪಟ್ಣದ ಹಿರಿಯರ ನೆನಪು ಅದಕ್ಕಿಂತ ಹಿಂದಕ್ಕೆ ಹೋಗುತ್ತದೆ. ಕಡಲ ಪಾಲಾದ ಬಾವಿ ಎಲ್ಲಿತ್ತು, ದೈವಸ್ಥಾನ ಎಷ್ಟು ಸಲ ಹಿಂದಕ್ಕೆ ಸರಿಯಿತು, ಯಾವ ಹೆಸರಿನ ದಿಣ್ಣೆಯ ಮೇಲೆ ಯಾರ ಬಲೆ ಒಣಗುತ್ತಿತ್ತು ಎಂಬುದನ್ನು ಊರೂರಿನಲ್ಲಿ ಬರೆದಿಟ್ಟರೆ ಅದು ದಂಡೆಯ ಚರಿತ್ರೆಗೆ ಶಾಸನದಷ್ಟೇ ಬೆಲೆಯುಳ್ಳ ಆಕರವಾಗುತ್ತದೆ. ಪರಿಹಾರ ಕೇಳಿ ಕಚೇರಿಯ ಮುಂದೆ ನಿಲ್ಲುವವರ ಕೈಗೂ ಒಂದು ದಾಖಲೆ ಸಿಗುತ್ತದೆ. ನೆಲ ಮುಳುಗಿದ ಮೇಲೆ ಆ ನೆಲದ ಹೆಸರನ್ನು ಬಲ್ಲವರೂ ಇಲ್ಲವಾಗುತ್ತಾರೆ. ಆದುದರಿಂದ ಈ ಸಂಗ್ರಹಕಾರ್ಯವನ್ನು ವಿಶ್ವವಿದ್ಯಾನಿಲಯಗಳ ಜಾನಪದ ವಿಭಾಗಗಳೂ ಅಕಾಡೆಮಿಗಳೂ ಆ ಹಿರಿಯರು ನಮ್ಮ ನಡುವೆ ಇರುವಾಗಲೇ ಕೈಗೆತ್ತಿಕೊಳ್ಳಬೇಕಾಗಿದೆ.